ಸಂಘಟನೆಯ ಜೊತೆ ಸಂಶೋಧನೆ: ಕೊಟ್ಟು ಪಡೆಯುವ ಲೆಕ್ಕ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹಕ್ಕುಗಳಿಗಾಗಿ ದುಡಿಯುವ ಸಂಘಟನೆಗಳ ಜೊತೆಗೂಡಿ ಅಧ್ಯಯನಕ್ಕೆ ಹೊರಟವರೂ, ಅಂಥ ಅಧ್ಯಯನಗಳಿಗೆ ಬಾಗಿಲು ತೆರೆದು ತೆರೆದು ಬೇಸತ್ತವರೂ ಈ ಸಲ ಪತ್ರ ಬರೆದಿದ್ದಾರೆ. ಒಂದೇ ತಿರುಳಿನ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ. ಗುರುತು ಸಿಗುವ ವಿವರಗಳನ್ನು ತೆಗೆದಿದ್ದೇವೆ.

ಪ್ರಶ್ನೆ: ಅಂಗವಿಕಲರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆಯೊಂದರ ಜೊತೆ ಪಿಎಚ್‌ಡಿ ಅಧ್ಯಯನ ಮಾಡಬೇಕೆಂದಿದ್ದೇನೆ. ಮೊದಲ ಭೇಟಿಯಲ್ಲೇ ಅಲ್ಲಿನ ಹಿರಿಯ ಕಾರ್ಯಕರ್ತೆ, 'ನೀವು ಬರೆದುಕೊಂಡು ಹೋಗ್ತೀರಿ, ಡಾಕ್ಟರೇಟ್ ತಗೊಳ್ತೀರಿ. ನಮಗೇನು ಸಿಗುತ್ತೆ ಹೇಳಿ' ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಏನು ಹೇಳಬೇಕಿತ್ತು?
— ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಅವರು ಲೆಕ್ಕ ಕೇಳಿದ್ದಾರೆ, ಲೆಕ್ಕವನ್ನೇ ಕೊಡಿ. 'ನಿಮ್ಮ ದನಿ ಜಗತ್ತಿಗೆ ಕೇಳಿಸುತ್ತೆ' ಎಂಬಂಥ ಮಾತನ್ನು ಅವರು ಹಿಂದೆ ಬಂದವರ ಬಾಯಲ್ಲೂ ಕೇಳಿರುತ್ತಾರೆ.

ಮೊದಲು, ನೀವು ಅವರಿಂದ ಎಷ್ಟು ತೆಗೆದುಕೊಳ್ಳುತ್ತೀರಿ ಎಂಬುದನ್ನು ಗಂಟೆಗಳಲ್ಲಿ ಬರೆಯಿರಿ. 20 ಸಂದರ್ಶನ ಬೇಕು ಎಂದುಕೊಳ್ಳೋಣ. ನಿಮ್ಮ ಯೋಜನೆಯಲ್ಲಿ ಅದು 20 ಗಂಟೆ. ಸಂಘಟನೆಯ ಕಡೆಯಿಂದ ನೋಡಿದರೆ ಒಬ್ಬೊಬ್ಬರಿಗೂ ಫೋನ್ ಮಾಡಿ ನೀವು ಯಾರೆಂದು ವಿವರಿಸಬೇಕು, ದಿನ ಗೊತ್ತುಮಾಡಬೇಕು, ಬೇಕಾದವರ ಜೊತೆ ಹೋಗಬೇಕು, ಸಂಜ್ಞಾಭಾಷೆ ಬಲ್ಲವರನ್ನು ಹುಡುಕಬೇಕು, ನೀವು ಎದ್ದು ಹೋದ ಮೇಲೆ 'ಅವರು ಆ ಪ್ರಶ್ನೆ ಯಾಕೆ ಕೇಳಿದ್ರು' ಎಂದು ಬರುವ ಕರೆಗಳಿಗೆ ಸಮಾಧಾನ ಹೇಳಬೇಕು. ತಲಾ 2 ಗಂಟೆ ಹಿಡಿದರೂ ಕಾರ್ಯಕರ್ತರ 40 ಗಂಟೆ. ಮಾತಾಡಿದ ಸದಸ್ಯರ 20 ಗಂಟೆ. ಕರಡು ಓದಿ ತಿದ್ದಲು ಇಬ್ಬರಿಗೆ ತಲಾ 6 ಗಂಟೆ. ಒಟ್ಟು 72. ಇದು ನಿಮ್ಮ ಮೇಲಿರುವ ಸಾಲ. ಈ ಅಂಕಿಯನ್ನು ಅವರ ಮುಂದಿಟ್ಟರೆ ಅರ್ಧ ಮಾತುಕತೆ ಅಲ್ಲೇ ಸಲೀಸಾಗುತ್ತದೆ.

ತೀರಿಸುವುದು ಹೇಗೆಂದು ನೀವೊಬ್ಬರೇ ಊಹಿಸಬೇಡಿ. ಹಾಗೆಂದು 'ನಿಮಗೇನು ಸಹಾಯ ಬೇಕು' ಎಂದು ಕೇಳಿದರೆ 'ಏನೂ ಬೇಡಮ್ಮ' ಎನ್ನುತ್ತಾರೆ. 'ಕಳೆದ ಆರು ತಿಂಗಳಿಂದ ಮಾಡಬೇಕು ಮಾಡಬೇಕು ಅಂತ ಉಳಿದುಹೋಗಿರೋ ಕೆಲಸ ಯಾವುದು?' ಎಂದು ಕೇಳಿ ನೋಡಿ. ಸಾಮಾನ್ಯವಾಗಿ ಸಿಗುವ ಉತ್ತರಗಳು ತೀರಾ ಸಾದಾ: ದೂರುಗಳ ಹಳೆಯ ಕಡತ ಎಕ್ಸೆಲ್‌ಗೆ ಹತ್ತಿಲ್ಲ, ಹೊಸ ಮಸೂದೆಗೆ ಆಕ್ಷೇಪಣೆ ಸಲ್ಲಿಸುವ ದಿನ ಹತ್ತಿರ ಬಂದಿದೆ, ಕರಡು ಬರೆಯುವವರಿಲ್ಲ, ದುಡ್ಡು ಕೊಟ್ಟು ಓದಬೇಕಾದ ಜರ್ನಲ್ ಲೇಖನಗಳಲ್ಲಿ ಏನಿದೆಯೋ ಗೊತ್ತಿಲ್ಲ, ಅನುದಾನದ ಅರ್ಜಿಯಲ್ಲಿ 'ಸಮಸ್ಯೆಯ ವಿವರ' ಎಂಬ ಭಾಗ ಖಾಲಿ. ನಿಮ್ಮ ಸಂಘಟನೆಗೆ ಇನ್ನೊಂದು ಕೆಲಸವೂ ಇರಬಹುದು. ಸ್ಕ್ಯಾನ್ ಮಾಡಿದ ಸುತ್ತೋಲೆಗಳು ಬರೀ ಚಿತ್ರಗಳು, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಅವನ್ನು ಓದುವುದಿಲ್ಲ. ಅಕ್ಷರಗಳಾಗಿ ಪರಿವರ್ತಿಸಿ, ತಪ್ಪು ತಿದ್ದಿ, ಶೀರ್ಷಿಕೆಗಳಿಗೆ ಶೀರ್ಷಿಕೆಯ ಶೈಲಿ ಹಾಕಿ, ಚಿತ್ರಗಳಿಗೆ ವಿವರಣೆ ಬರೆದುಕೊಟ್ಟರೆ ದೃಷ್ಟಿದೋಷವಿರುವ ಸದಸ್ಯರು ಅವನ್ನು ತಾವೇ ಓದಿಕೊಳ್ಳುತ್ತಾರೆ. ಜಾಣತನ ಬೇಡದ, ಹೊತ್ತು ಬೇಡುವ ಕೆಲಸ. ಅಂಥವೇ ಹೆಚ್ಚು ಬೇಕಾಗಿರುವುದು.

ಎರಡೇ ಕೆಲಸ ಒಪ್ಪಿಕೊಳ್ಳಿ, ಎರಡಕ್ಕೂ ತಾರೀಖು ಹಾಕಿ. ಆರು ಒಪ್ಪಿಕೊಂಡು ಎರಡು ಮುಗಿಸಿದವರನ್ನು 'ನಾಲ್ಕು ಮಾಡಲಿಲ್ಲ' ಎಂದೇ ನೆನೆಯುತ್ತಾರೆ. ಅವುಗಳಲ್ಲಿ ಒಂದನ್ನು ಸಂದರ್ಶನ ಶುರುವಾಗುವ ಮೊದಲೇ ಮುಗಿಸಿಕೊಡಿ.

ಇನ್ನೊಂದು ಹೊಂದಿಕೆಯಾಗದ ಸಂಗತಿ ಕಾಲದ್ದು. ಪ್ರಬಂಧ ಮುಗಿಯಲು ಮೂರ್ನಾಲ್ಕು ವರ್ಷ. ಅವರ ಹೋರಾಟದ ತುರ್ತು ಮುಂದಿನ ಅಧಿವೇಶನ. 'ಪ್ರಬಂಧದ ಪ್ರತಿ ಕೊಡ್ತೀನಿ' ಎನ್ನುವುದು ಹಾಗಾಗಿ ಅವರಿಗೆ ನಿರುಪಯೋಗಿ ಭರವಸೆ. ಕ್ಷೇತ್ರಕಾರ್ಯ ಮುಗಿದ ಆರು ವಾರದೊಳಗೆ ಎರಡು ಪುಟದ ಟಿಪ್ಪಣಿ ಕೊಡಿ: ಏನು ಕೇಳಿದೆವು, ಮೇಲ್ನೋಟಕ್ಕೆ ಏನು ಕಂಡಿತು, ಯಾವುದು ಇನ್ನೂ ಖಚಿತವಲ್ಲ. ಆಫ್ರಿಕಾದ ದಕ್ಷಿಣ ಭಾಗದ ಸಾನ್ ಜನರು 2017ರಲ್ಲಿ ಸಂಶೋಧಕರಿಗಾಗಿ ತಮ್ಮದೇ ನೀತಿಸಂಹಿತೆ ಹೊರಡಿಸಿದಾಗ, ಫಲಿತಾಂಶ ತಿಳಿಸುತ್ತೇವೆಂದು ಮಾತು ಕೊಟ್ಟು ತಪ್ಪುವುದನ್ನು ಪದೇಪದೇ ಎದುರಾಗುವ ಅಗೌರವವೆಂದೇ ಅದರಲ್ಲಿ ಬರೆದರು. ಕಾನೂನು ಬದಲಾಗುತ್ತದೆ, ಅನುದಾನ ಬರುತ್ತದೆ, ಪತ್ರಿಕೆಯಲ್ಲಿ ಬರುತ್ತದೆ ಎಂಬ ಮೂರು ಮಾತನ್ನಂತೂ ಯಾವ ಕಾರಣಕ್ಕೂ ಆಡಬೇಡಿ. ಮೂರೂ ನಿಮ್ಮ ಕೈಯಲ್ಲಿಲ್ಲ.

ಪ್ರಶ್ನೆ: ನಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿ (ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿ) ಒಪ್ಪಿಗೆ ಕೊಟ್ಟಿದೆ, ಸಂಘಟನೆಯ ಅಧ್ಯಕ್ಷರೂ ಹ್ಞೂಂ ಎಂದಿದ್ದಾರೆ. ಇದರ ಮೇಲೆ ಬೇರೆ ಒಪ್ಪಂದ ಪತ್ರ ಬೇಕೇ? ಬೇಕಾದರೆ ಅದರಲ್ಲಿ ಏನಿರಬೇಕು?
— ಸಮಾಜಶಾಸ್ತ್ರ ಅಧ್ಯಾಪಕ

ಉತ್ತರ: ಬೇಕು. ಕಮಿಟಿ ನೋಡುವುದು ಮುಖ್ಯವಾಗಿ ಒಬ್ಬೊಬ್ಬ ವ್ಯಕ್ತಿಗೆ ಆಗಬಹುದಾದ ಹಾನಿಯನ್ನು. ಇಡೀ ಗುಂಪಿನ ಹೆಸರಿಗೆ, ಅದರ ಹೋರಾಟಕ್ಕೆ ಬೀಳಬಹುದಾದ ಪೆಟ್ಟು ಹಲವು ಸಲ ಅದರ ನಮೂನೆಯಲ್ಲೇ ಇರುವುದಿಲ್ಲ. ಇನ್ನು ಅಧ್ಯಕ್ಷರ ಒಪ್ಪಿಗೆ ನಿಮ್ಮನ್ನು ಒಳಗೆ ಬಿಡುವ ಒಪ್ಪಿಗೆ ಮಾತ್ರ, ಸದಸ್ಯರ ಪರವಾಗಿ ಕೊಟ್ಟದ್ದಲ್ಲ. ಪ್ರತಿ ಸದಸ್ಯರನ್ನೂ ಅಧ್ಯಕ್ಷರಿಲ್ಲದ ಜಾಗದಲ್ಲಿ ಬೇರೆಯಾಗಿ ಕೇಳಬೇಕು. 'ಬೇಡ' ಎಂದವರು ಯಾರೆಂದು ಅಧ್ಯಕ್ಷರಿಗೆ ತಿಳಿಯಬಾರದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದರೂ ಎಡವಟ್ಟಾಗಬಹುದು ಎನ್ನುವುದಕ್ಕೆ ಅಮೆರಿಕದ ಹವಸುಪೈ ಬುಡಕಟ್ಟಿನ ಪ್ರಕರಣ ಇದೆ. 1990ರ ದಶಕದ ಆರಂಭದಲ್ಲಿ ಅಲ್ಲಿನವರು ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರಿಗೆ ರಕ್ತದ ಮಾದರಿ ಕೊಟ್ಟರು. ತಮ್ಮಲ್ಲಿ ವಿಪರೀತವಾಗಿದ್ದ ಮಧುಮೇಹದ ಅಧ್ಯಯನಕ್ಕೆ ಎಂದು ಅವರು ತಿಳಿದಿದ್ದರು. ಸಹಿ ಹಾಕಿದ ಕಾಗದದಲ್ಲಿದ್ದ ಮಾತು ಮಾತ್ರ ಅದಕ್ಕಿಂತ ತುಂಬಾ ಅಗಲವಾಗಿತ್ತು. ಅದೇ ಮಾದರಿಗಳನ್ನು ಮುಂದೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ, ಪೂರ್ವಜರ ವಲಸೆಯಂಥ ವಿಷಯಗಳಿಗೂ ಬಳಸಿದ್ದು ತಿಳಿದಾಗ ಬುಡಕಟ್ಟು ನ್ಯಾಯಾಲಯದ ಮೆಟ್ಟಿಲೇರಿತು. 2010ರಲ್ಲಿ ರಾಜಿಯಾಯಿತು. ವಿಶ್ವವಿದ್ಯಾಲಯದ ಕಡೆಯಿಂದ 7 ಲಕ್ಷ ಡಾಲರ್ ಸಂದಾಯವಾಯಿತು, ಉಳಿದ ಮಾದರಿಗಳು ಬುಡಕಟ್ಟಿಗೆ ಮರಳಿದವು.

ಹಾಗಾಗಿ ಒಪ್ಪಂದದ ಮೊದಲ ಸಾಲೇ ಉದ್ದೇಶದ್ದಾಗಿರಲಿ: ಈ ಮಾಹಿತಿಯನ್ನು ಯಾವ ಪ್ರಶ್ನೆಗೆ ಬಳಸುತ್ತೇವೆ, ಬೇರೆ ಪ್ರಶ್ನೆಗೆ ಬಳಸಬೇಕಾದರೆ ಮತ್ತೆ ಬಂದು ಕೇಳುತ್ತೇವೆ. ಪತ್ರ ಎರಡು, ಹೆಚ್ಚೆಂದರೆ ಮೂರು ಪುಟ. ವಕೀಲರ ಭಾಷೆ ಬೇಡ, ಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಅರ್ಥವಾಗುವಂತಿರಲಿ.

ಉದ್ದೇಶದ ನಂತರ ಕಚ್ಚಾ ಮಾಹಿತಿ. ರೆಕಾರ್ಡಿಂಗ್ ಯಾರ ಬಳಿ, ಯಾವ ಯಂತ್ರದಲ್ಲಿ, ಎಷ್ಟು ದಿನ. ಅಳಿಸುವವರು ಯಾರು, ಅಳಿಸಿದ್ದನ್ನು ತಿಳಿಸುವುದು ಹೇಗೆ. ಸಂಘಟನೆಗೆ ಹೆಸರು ತೆಗೆದ ಪ್ರತಿ ಸಿಗುತ್ತದೆಯೇ? ಸಿಗುವುದಾದರೆ ಅದನ್ನು ಸಂದರ್ಶನಕ್ಕೆ ಮೊದಲೇ ಸದಸ್ಯರಿಗೆ ಹೇಳಿರಬೇಕು. 'ನಾನು ನಾಯಕರ ಬಗ್ಗೆ ಹೇಳಿದ್ದು ನಾಯಕರ ಕೈಗೇ ಹೋಗುತ್ತೆ' ಎಂದು ಗೊತ್ತಿದ್ದರೆ ಅವರು ಬೇರೆಯದೇ ಮಾತಾಡುತ್ತಾರೆ. ಹತ್ತಿಪ್ಪತ್ತು ಜನರ ಗುಂಪಿನಲ್ಲಂತೂ ಹೆಸರು ತೆಗೆದರೂ ಮಾತಿನ ಧಾಟಿಯಿಂದಲೇ ಗುರುತು ಹಿಡಿಯುತ್ತಾರೆ. ಅಲ್ಲಿ ಪ್ರತಿಯ ಬದಲು ಸಾರಾಂಶ ಕೊಡುವುದೇ ಕ್ಷೇಮ.

ಕರಡು ಪರಿಶೀಲನೆಯ ಕಲಮಿನಲ್ಲೇ ಜಗಳಗಳು ಹುಟ್ಟುವುದು. 'ಪ್ರಕಟಣೆಗೆ ಮೊದಲು ಸಂಘಟನೆಯೊಂದಿಗೆ ಚರ್ಚಿಸಲಾಗುವುದು' ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರೆದರೆ ಒಬ್ಬರು ಅದನ್ನು ತಡೆಹಕ್ಕು ಎಂದು ಓದುತ್ತಾರೆ, ಇನ್ನೊಬ್ಬರು ಸೌಜನ್ಯ ಎಂದು. ಬಿಡಿಸಿ ಬರೆಯಿರಿ. ಕರಡು ಕೈಸೇರಿದ ಮೇಲೆ 21 ದಿನ ಕಾಲಾವಕಾಶ. ಮೂರು ಬಗೆಯ ತಿದ್ದುಪಡಿಯನ್ನು ಸಂಶೋಧಕರು ಒಪ್ಪಲೇಬೇಕು: ತಥ್ಯದ ತಪ್ಪು, ಯಾರದೋ ಗುರುತು ಬಯಲಾಗುವ ವಿವರ, ಗುಟ್ಟಾಗಿಡಿ ಎಂದು ಹೇಳಿದ್ದ ಮಾಹಿತಿ. ತೀರ್ಮಾನವನ್ನು ಬದಲಿಸುವಂತಿಲ್ಲ. ಒಪ್ಪಿಗೆಯಾಗದಿದ್ದರೆ ಸಂಘಟನೆ ಒಂದು ಪುಟದ ಭಿನ್ನಮತ ಬರೆಯಬಹುದು, ಅದನ್ನು ವರದಿಯ ಕೊನೆಯಲ್ಲಿ ಒಂದಕ್ಷರ ಮುಟ್ಟದೆ ಅಚ್ಚು ಹಾಕಬೇಕು. ಈ ಕೊನೆಯ ಅಂಶ ಇದ್ದರೆ ತಡೆಹಕ್ಕಿನ ಬೇಡಿಕೆ ಬಹುಪಾಲು ಕರಗುತ್ತದೆ.

ಉಳಿದವು ಚಿಕ್ಕವು, ಆದರೆ ಬಿಡಬೇಡಿ. ಎರಡೂ ಕಡೆ ಇಬ್ಬಿಬ್ಬರು ಸಂಪರ್ಕ ವ್ಯಕ್ತಿಗಳು, ಏಕೆಂದರೆ ಒಬ್ಬರೇ ಇದ್ದು ಅವರು ಸಂಘಟನೆ ಬಿಟ್ಟರೆ ಒಪ್ಪಂದದ ನೆನಪೂ ಅವರ ಜೊತೆ ಹೋಗುತ್ತದೆ. ಪದಾಧಿಕಾರಿಗಳು ಬದಲಾದರೆ ಒಂದು ತಿಂಗಳೊಳಗೆ ಪತ್ರವನ್ನು ಮತ್ತೆ ಓದುವ ಸಭೆ. ಯಾರೇ ಮಧ್ಯದಲ್ಲಿ ಹಿಂದೆ ಸರಿದರೆ ಅಲ್ಲಿಯವರೆಗಿನ ಮಾಹಿತಿಯ ಗತಿ. ಹಣವಿದ್ದರೆ ಎಷ್ಟು, ಯಾವ ಖಾತೆಗೆ, ಯಾವಾಗ.

ಪ್ರಶ್ನೆ: ಸಂದರ್ಶನ ಕೊಟ್ಟವರಿಗೆ ಹಣ ಕೊಡಬಹುದೇ? ಕೊಟ್ಟರೆ ನಮಗೆ ಬೇಕಾದ ಉತ್ತರವನ್ನೇ ಹೇಳುತ್ತಾರೆಂದು ಗೈಡ್ ಅನ್ನುತ್ತಾರೆ.
— ಎಂ.ಫಿಲ್. ಮುಗಿಸಿದವರು

ಉತ್ತರ: ಗೈಡ್ ಹೇಳುವ ಅಪಾಯ ನಿಜ. ಅದು ಹುಟ್ಟುವುದು ಹಣ ಕೊಡುವ ಬಗೆಯಿಂದ. ಏನೂ ಕೊಡದಿದ್ದರೆ ಒಂದು ದಿನದ ಕೂಲಿ ಬಿಟ್ಟು ಬರಬಲ್ಲವರಷ್ಟೇ ಬರುತ್ತಾರೆ, ಆಗಲೂ ನಿಮ್ಮ ಮಾಹಿತಿ ವಾಲಿರುತ್ತದೆ. ಪ್ರಯಾಣದ ಖರ್ಚು, ಕಳೆದುಕೊಂಡ ದುಡಿಮೆಯ ಹೊತ್ತು, ಮಗುವನ್ನು ನೋಡಿಕೊಳ್ಳಲು ಇಟ್ಟವರ ಸಂಬಳ, ಇಷ್ಟನ್ನು ಕೊಡಿ. ಮೊತ್ತ ಎಲ್ಲರಿಗೂ ಒಂದೇ ಇರಲಿ, ಒಪ್ಪಿಗೆ ಪತ್ರದಲ್ಲೇ ನಮೂದಾಗಿರಲಿ. ಸಂದರ್ಶನ ಶುರುವಾಗುವ ಮೊದಲೇ ಕೈಗೆ ಕೊಟ್ಟು, 'ಮಧ್ಯದಲ್ಲಿ ಎದ್ದು ಹೋದರೂ ಇದು ನಿಮ್ಮದೇ' ಎಂದು ಹೇಳಿ. ಕೊನೆಗೆ ಕೊಟ್ಟರೆ ಅದು ಒಳ್ಳೆಯ ಉತ್ತರಕ್ಕೆ ಸಿಕ್ಕ ಬಹುಮಾನದಂತೆ ಕಾಣುತ್ತದೆ. ಆದಾಯದ ಮಿತಿ ನೋಡಿ ಕೊಡುವ ಸರ್ಕಾರಿ ನೆರವು ಪಡೆಯುವವರಿಗೆ ನಗದು ಕೂಡ ತೊಂದರೆ ತರಬಹುದು. ಯಾವ ರೂಪದಲ್ಲಿ ಬೇಕೆಂದು ಮೊದಲೇ ಕೇಳಿ.

ಸಂಘಟನೆಯ ಕಾರ್ಯಕರ್ತರ ಹೊತ್ತಿಗೆ ಬೇರೆ ಬಾಬತ್ತು ಇಡಿ, ಸಂಘಟನೆಯ ಖಾತೆಗೇ ಕಳಿಸಿ. 'ಎಷ್ಟು ಜನರನ್ನು ಕರೆತಂದಿರೋ ಅಷ್ಟು ದುಡ್ಡು' ಎಂಬ ಪದ್ಧತಿ ಮಾತ್ರ ಬೇಡವೇ ಬೇಡ. ಹಾಗೆ ಮಾಡಿದರೆ ಒಲ್ಲದವರನ್ನೂ ಒತ್ತಾಯದಿಂದ ಕರೆತರುತ್ತಾರೆ.

ನಿಜವಾದ ತಲೆನೋವು ನಿಮ್ಮ ಸಂಸ್ಥೆಯ ಲೆಕ್ಕಪತ್ರ ವಿಭಾಗ. ಹೆಸರು, ವಿಳಾಸ, ಗುರುತಿನ ಚೀಟಿ ಸಂಖ್ಯೆ ಇರುವ ರಸೀದಿ ಕೊಡಿ ಎನ್ನುತ್ತಾರೆ. ಕೊಟ್ಟಿರೋ, ಗುಟ್ಟಾಗಿಡುತ್ತೇವೆಂದು ಹೇಳಿದ್ದ ಹೆಸರುಗಳೆಲ್ಲ ಒಂದೇ ಕಡತದಲ್ಲಿ ಸಾಲಾಗಿ ಕೂರುತ್ತವೆ. ಕ್ಷೇತ್ರಕ್ಕೆ ಹೋಗುವ ಮೊದಲೇ ಆ ವಿಭಾಗದವರ ಜೊತೆ ಕೂತು, ಸಂಖ್ಯೆ ಹಾಕಿದ ವೋಚರ್ ಒಪ್ಪಿಸಿ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಪ್ರಧಾನ ಸಂಶೋಧಕರ ಬಳಿ ಮಾತ್ರ. ಎಥಿಕ್ಸ್ ಕಮಿಟಿಯ ಅನುಮೋದನೆಯಲ್ಲೇ ಈ ಏರ್ಪಾಡನ್ನು ಬರೆಸಿಕೊಂಡರೆ ಲೆಕ್ಕಪರಿಶೋಧನೆಯಲ್ಲಿ ತಕರಾರು ಬಂದಾಗ ತೋರಿಸಲು ಕಾಗದ ಇರುತ್ತದೆ.

ಪ್ರಶ್ನೆ: ಸದಸ್ಯರಲ್ಲಿ ಶೇ 90ರಷ್ಟು ಜನರಿಗೆ ಸವಲತ್ತು ನಿರಾಕರಿಸಲಾಗಿದೆ ಎಂದು ಸಂಘಟನೆ ಹೇಳುತ್ತಾ ಬಂದಿದೆ. ನಮ್ಮ ಮಾಹಿತಿಯಲ್ಲಿ ಅದು ಅಷ್ಟಿಲ್ಲ. ಪ್ರಕಟಿಸಿದರೆ ದ್ರೋಹ, ಬಿಟ್ಟರೆ ಸುಳ್ಳು. ಏನು ಮಾಡುವುದು?
— ಹೆಸರು ಬೇಡ

ಉತ್ತರ: ಆ 90 ಎಲ್ಲಿಂದ ಬಂತೆಂದು ಮೊದಲು ಹುಡುಕಿ. ಬಹಳ ಸಲ ಅದು ಸಂಘಟನೆಯ ಸಹಾಯ ಕೇಂದ್ರದ ರಿಜಿಸ್ಟರ್‌ನಿಂದ ಬಂದಿರುತ್ತದೆ. ಕೇಂದ್ರಕ್ಕೆ 50 ಜನ ಬಂದರು, 45 ಜನರ ಅರ್ಜಿ ತಿರಸ್ಕೃತವಾಗಿತ್ತು ಎಂದಿಟ್ಟುಕೊಳ್ಳಿ. 90 ಸರಿಯೇ. ಆದರೆ ಅರ್ಜಿ ಮಂಜೂರಾದವರು ಸಹಾಯ ಕೇಂದ್ರಕ್ಕೆ ಯಾಕೆ ಬರುತ್ತಾರೆ? ಭಾಗಿಸಿದ ಸಂಖ್ಯೆ 'ದೂರು ತಂದವರು', ಹೇಳಿಕೆಯಲ್ಲಿ ಅದು 'ಎಲ್ಲ ಸದಸ್ಯರು' ಆಗಿಬಿಟ್ಟಿದೆ. 400 ಸದಸ್ಯರಲ್ಲಿ 140 ಜನರಿಗೆ ನಿರಾಕರಣೆಯಾಗಿದ್ದರೆ ಅದು ಶೇ 35. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ.

ಇದನ್ನು ಅವರಿಗೆ ವಿವರಿಸುವುದೇ ನೀವು ಅವರಿಗೆ ಕೊಡಬಹುದಾದ ದೊಡ್ಡ ಪ್ರತಿಫಲ, ಈ ಮಾತನ್ನು ತೂಕವಿಟ್ಟೇ ಹೇಳುತ್ತಿದ್ದೇವೆ. ಇಂದಲ್ಲ ನಾಳೆ ಎದುರು ಪಕ್ಷದ ವಕೀಲರೋ ಅಧಿಕಾರಿಯೋ ಅದೇ ಪ್ರಶ್ನೆಯನ್ನು ವಿಚಾರಣೆಯಲ್ಲಿ ಎತ್ತುತ್ತಾರೆ. ಆಗ ಬೀಳುವುದು ಒಂದು ಅಂಕಿಯಲ್ಲ, ಮನವಿಯಲ್ಲಿದ್ದ ಉಳಿದ ಮಾತುಗಳ ಮೇಲಿನ ನಂಬಿಕೆಯೂ ಬೀಳುತ್ತದೆ. 'ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ನಿರಾಕರಣೆ. ಅವರಲ್ಲಿ ಇಷ್ಟು ಮಂದಿಗೆ ಕಾರಣವನ್ನೇ ಲಿಖಿತವಾಗಿ ಕೊಟ್ಟಿಲ್ಲ' ಎಂಬ ವಾಕ್ಯವನ್ನು ಅಲುಗಾಡಿಸುವುದು ಕಷ್ಟ. ಆ ಎರಡನೆಯ ಭಾಗಕ್ಕೆ ಬೇಕಾದ ಮಾಹಿತಿ ನಿಮ್ಮ ಸಂದರ್ಶನಗಳಲ್ಲಿ ಇದ್ದೇ ಇರುತ್ತದೆ, ಹುಡುಕಿ ಕೊಡಿ.

ಹೇಳುವ ಕ್ರಮವೂ ಮುಖ್ಯ. ಇಮೇಲಿನಲ್ಲಿ ಕರಡು ಕಳಿಸಿ ಕೈ ತೊಳೆದುಕೊಳ್ಳಬೇಡಿ. ಮೊದಲು ಕಾರ್ಯಕಾರಿ ಸಮಿತಿಯ ಮುಂದೆ ಬಾಯಿಮಾತಿನಲ್ಲಿ ಹೇಳಿ, ಕೋಷ್ಟಕ ಜೊತೆಗಿರಲಿ. ಅವರು ತೋರಿಸುವ ತಪ್ಪುಗಳನ್ನು ನಿಜವಾಗಿ ಪರೀಕ್ಷಿಸಿ, ಯಾಕೆಂದರೆ ನಿಮ್ಮದೂ ತಪ್ಪಿರಬಹುದು: ಸಂಘಟನೆಯ ಪಟ್ಟಿಯಿಂದಲೇ ಜನರನ್ನು ಆರಿಸಿದ್ದರೆ, ಬೇಸತ್ತು ಸಂಘಟನೆ ಬಿಟ್ಟವರು ನಿಮ್ಮ ಲೆಕ್ಕದಲ್ಲೇ ಇಲ್ಲ. ಆಮೇಲೆ ಪ್ರಕಟಣೆಗೆ 30ರಿಂದ 60 ದಿನ ಮೊದಲು ಲಿಖಿತ ಕರಡು. ಅಷ್ಟರಲ್ಲಿ ಅವರು ತಮ್ಮ ಕರಪತ್ರ, ಮನವಿ, ಜಾಲತಾಣ ತಿದ್ದಿಕೊಳ್ಳಬಹುದು.

ಪ್ರಕಟಿಸದೆ ಬಿಡುವುದನ್ನು ಮಾತ್ರ ಒಪ್ಪಬೇಡಿ. ಮುಜುಗರ ಬೇರೆ, ಅಪಾಯ ಬೇರೆ. ಮುಜುಗರವಾಗುವುದನ್ನು ಹಿನ್ನೆಲೆಯ ಜೊತೆ ಬರೆಯಬೇಕು. ಯಾರಿಗಾದರೂ ಹೊಡೆತ, ಬಂಧನ, ಕೆಲಸ ಹೋಗುವುದು ಮುಂತಾದ ಅಪಾಯವಿದ್ದರೆ ವಿವರದ ಮಟ್ಟ ಇಳಿಸಬೇಕು ಅಥವಾ ಕಾಯಬೇಕು. ಸಂಘಟನೆಗೆ ಒಪ್ಪಿಕೊಂಡ ಕೆಲಸಗಳನ್ನು ಈ ಹೊತ್ತಿನಲ್ಲೂ ತಾರೀಖಿಗೆ ಸರಿಯಾಗಿ ಮುಗಿಸಿಕೊಡಿ. ಫಲಿತಾಂಶ ಹಿಡಿಸಿದರೆ ಮಾತ್ರ ಸಿಗುವ ಸಹಾಯ ವ್ಯಾಪಾರವಾಗುತ್ತದೆ, ಎರಡೂ ಕಡೆಯಿಂದ.

ಪ್ರಶ್ನೆ: ನಾವು ಒಂದು ಸಣ್ಣ ಸಂಘಟನೆ. ವಾರಕ್ಕೊಬ್ಬರಾದರೂ 'ಒಂದು ಸರ್ವೆ ಇದೆ, ಹತ್ತು ನಿಮಿಷ' ಎಂದು ಬರುತ್ತಾರೆ. ಇಲ್ಲ ಎಂದರೆ ಅಹಂಕಾರ ಅಂತಾರೆ. ಹೇಗೆ ನಿಭಾಯಿಸುವುದು?
— ಕಾರ್ಯಕರ್ತ

ಉತ್ತರ: ಇಲ್ಲ ಎನ್ನುವ ಹಕ್ಕು ನಿಮಗಿದೆ, ವಿವರಣೆಯ ಹಂಗಿಲ್ಲದೆ. ಆದರೂ ಒಂದು ಪುಟದ ನಮೂನೆ ಮಾಡಿಟ್ಟುಕೊಳ್ಳಿ, ಅದನ್ನು ತುಂಬದವರಿಗೆ ಭೇಟಿಯೇ ಇಲ್ಲ. ಏನು ತಿಳಿಯಬೇಕೆಂದಿದ್ದೀರಿ, ಅದು ಈಗಾಗಲೇ ಯಾವ ವರದಿಯಲ್ಲಿಲ್ಲ? ನಮ್ಮ ಎಷ್ಟು ಜನರ ಎಷ್ಟು ಗಂಟೆ ಬೇಕು? ಹಣ ಯಾರದು? ಮಾಹಿತಿ ಎಲ್ಲಿರುತ್ತದೆ? ನಮಗೆ ಏನು, ಯಾವ ದಿನಾಂಕಕ್ಕೆ ಕೊಡುತ್ತೀರಿ? ಹಿಂದೆ ಕೆಲಸ ಮಾಡಿದ ಯಾವ ಸಂಘಟನೆಯನ್ನು ನಾವು ಕೇಳಿ ನೋಡಬಹುದು? ಆರೇ ಪ್ರಶ್ನೆ ಸಾಕು. ಹತ್ತು ನಿಮಿಷದವರಲ್ಲಿ ಬಹುತೇಕರು ಇಲ್ಲೇ ಉದುರುತ್ತಾರೆ. ಕೊನೆಯ ಪ್ರಶ್ನೆಗೆ ಹೆಸರು ಕೊಟ್ಟವರ ಬಗ್ಗೆ ತಪ್ಪದೆ ಫೋನ್ ಮಾಡಿ ವಿಚಾರಿಸಿ. ಹೊಸಬರಾದರೆ ಅವರ ಗೈಡ್ ಜೊತೆ ಮಾತಾಡಿ.

ಆರು ತಿಂಗಳಿಗೆ ಎರಡೇ ಅಧ್ಯಯನ ಎಂದು ಮಿತಿ ಹಾಕಿ, ಅದನ್ನು ಗೋಡೆಗೆ ಅಂಟಿಸಿ. ಆಗ ನಿರಾಕರಣೆ ವ್ಯಕ್ತಿಯ ಮೇಲಿನದಾಗಿ ಕಾಣುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ನಿಮಗೆ ಉತ್ತರ ಬೇಕಿರುವ ಮೂರು ಪ್ರಶ್ನೆಗಳ ಪಟ್ಟಿ ಮಾಡಿ, ಬಂದವರ ಮುಂದಿಡಿ. 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಏಡ್ಸ್ ಇದ್ದವರು ತಾವೇ ಸೇರಿ ಒಂದು ಹೇಳಿಕೆ ಹೊರಡಿಸಿದರು. ತಮ್ಮನ್ನು 'ಬಲಿಪಶು' ಎನ್ನಬೇಡಿ, ನಿರ್ಧಾರದ ಪ್ರತಿ ಹಂತದಲ್ಲೂ ತಾವಿರಬೇಕು ಎಂಬುದು ಅದರ ಸಾರ. ಮುಂದಿನ ವರ್ಷಗಳಲ್ಲಿ ಆ ಹೋರಾಟದವರು ಔಷಧ ಪ್ರಯೋಗ ನಡೆಸುವ ವಿಧಾನವನ್ನೇ ಕಲಿತು, ಪ್ರಯೋಗಗಳನ್ನು ರೂಪಿಸುವ ಸಮಿತಿಗಳಲ್ಲಿ ಜಾಗ ಪಡೆದರು. ಸಂಶೋಧನೆಯನ್ನು ಹೊರಗೆ ನಿಲ್ಲಿಸುವುದಕ್ಕಿಂತ ಅದರ ಪ್ರಶ್ನೆಯನ್ನು ತಿರುಗಿಸುವುದರಲ್ಲಿ ಲಾಭ ಹೆಚ್ಚು, ಅದಕ್ಕೆ ಬೇಕಾದ ಜನ ನಿಮ್ಮಲ್ಲಿದ್ದರೆ.

ಪ್ರಶ್ನೆ: ಪ್ರತಿಭಟನೆಗಳಲ್ಲಿ ಭಾಗವಹಿಸಿದವರನ್ನು ಸಂದರ್ಶಿಸುತ್ತಿದ್ದೇವೆ. ಕೆಲವರ ಮೇಲೆ ಕೇಸುಗಳಿವೆ. 'ಇದು ಯಾರಿಗೂ ಹೋಗಲ್ಲ' ಎಂದು ಭರವಸೆ ಕೊಟ್ಟಿದ್ದೇವೆ. ಸಾಕೇ?
— ಸಂಶೋಧನಾ ತಂಡ

ಉತ್ತರ: ಆ ಭರವಸೆಯನ್ನು ಈಗಲೇ ತಿದ್ದಿಕೊಳ್ಳಿ. ನ್ಯಾಯಾಲಯ ಕೇಳಿದರೆ ಕೊಡುವುದಿಲ್ಲ ಎನ್ನುವ ಅಧಿಕಾರ ಸಾಮಾನ್ಯವಾಗಿ ಸಂಶೋಧಕರಿಗೆ ಇಲ್ಲ. ಅಮೆರಿಕದ ಬಾಸ್ಟನ್ ಕಾಲೇಜು ಉತ್ತರ ಐರ್ಲೆಂಡಿನ ಸಂಘರ್ಷದಲ್ಲಿದ್ದ ಮಾಜಿ ಸಶಸ್ತ್ರ ಕಾರ್ಯಕರ್ತರ ಮಾತುಗಳನ್ನು, ಅವರು ಬದುಕಿರುವವರೆಗೆ ಹೊರಬಿಡುವುದಿಲ್ಲ ಎಂಬ ಮಾತಿನ ಮೇಲೆ ದಾಖಲಿಸಿತ್ತು. 2011ರಲ್ಲಿ ಬ್ರಿಟಿಷ್ ಅಧಿಕಾರಿಗಳ ಕೋರಿಕೆಯಂತೆ ಸಮನ್ಸ್ ಬಂತು, ಕಾನೂನು ಹೋರಾಟದ ನಂತರ ಕೆಲವು ಟೇಪುಗಳು ಪೊಲೀಸರ ಕೈ ಸೇರಿದವು. ಅದಕ್ಕೂ ಮೊದಲು, 1993ರಲ್ಲಿ, ಪ್ರಾಣಿಹಕ್ಕು ಹೋರಾಟಗಾರರನ್ನು ಅಧ್ಯಯನ ಮಾಡುತ್ತಿದ್ದ ಸಮಾಜಶಾಸ್ತ್ರ ವಿದ್ಯಾರ್ಥಿ ರಿಕ್ ಸ್ಕಾರ್ಸ್ ತನಗೆ ಗುಟ್ಟಾಗಿ ಹೇಳಿದ್ದನ್ನು ತನಿಖೆಯಲ್ಲಿ ಹೇಳಲೊಪ್ಪದೆ ಅಮೆರಿಕದಲ್ಲಿ 159 ದಿನ ಜೈಲಿನಲ್ಲಿದ್ದರು. ಜೈಲಿಗೆ ಹೋಗಲು ನಿಮ್ಮ ತಂಡದ ಎಲ್ಲರೂ ಸಿದ್ಧರಿಲ್ಲ ಎಂದಾದರೆ, ಕೇಳಿದರೂ ಕೊಡಲು ಏನೂ ಇರದಂತೆ ಕೆಲಸ ಮಾಡುವುದೇ ಉಳಿದ ದಾರಿ.

ಚೀಲದಲ್ಲಿರುವ ಅತ್ಯಂತ ಅಪಾಯದ ಕಾಗದ ಯಾವುದು ಗೊತ್ತೇ? ಸಹಿ ಹಾಕಿದ ಒಪ್ಪಿಗೆ ಪತ್ರಗಳ ಕಟ್ಟು. ಸಂದರ್ಶನವನ್ನು ಎಷ್ಟೇ ಚೆನ್ನಾಗಿ ಬಚ್ಚಿಟ್ಟರೂ ಯಾರು ಯಾರು ಮಾತಾಡಿದರು ಎಂಬ ಪಟ್ಟಿ ಅಲ್ಲಿ ಹೆಸರು, ದಿನಾಂಕ ಸಮೇತ ಇರುತ್ತದೆ. ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿ ಮೌಖಿಕ ಒಪ್ಪಿಗೆಗೆ ಅನುಮತಿ ಪಡೆಯಿರಿ. ಹೆಸರಿನ ಬದಲು 'ಸಂಕೇತ 14, ಒಪ್ಪಿಗೆ ಪಡೆದಿದ್ದೇನೆ' ಎಂದು ಸಂಶೋಧಕರೇ ಸಹಿ ಹಾಕಿದರೆ ಆಯಿತು.

ರೆಕಾರ್ಡ್ ಮಾಡುವ ಮೊದಲೇ 'ಹೆಸರು, ಜಾಗ, ನಡೆಯುತ್ತಿರುವ ಕೇಸಿನ ಸಂಗತಿ ಹೇಳಬೇಡಿ' ಎನ್ನಿ. ಮಾತಿನ ಭರದಲ್ಲಿ ಹೇಳಿಬಿಟ್ಟರೆ ಅಲ್ಲೇ ನಿಲ್ಲಿಸಿ, ಆ ತುಣುಕನ್ನು ಅಳಿಸಿ. ಫೋನಿನ ಬದಲು ಇಂಟರ್ನೆಟ್ ಇಲ್ಲದ ಬಿಡಿ ರೆಕಾರ್ಡರ್ ಬಳಸಿ. ಫೋನೇ ಗತಿಯಾದರೆ ಕ್ಲೌಡ್ ಬ್ಯಾಕಪ್ ಆಫ್ ಮಾಡಿ; ಹೆಚ್ಚಿನ ಸೋರಿಕೆ ಆಗುವುದು ಅಲ್ಲೇ, ಯಾರಿಗೂ ತಿಳಿಯದಂತೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು 4ರಿಂದ 6 ಗಂಟೆ ಬೇಕು, ಆ ಕೆಲಸ ಹಿಂದೆ ಬಿದ್ದಷ್ಟೂ ಧ್ವನಿಮುದ್ರಿಕೆ ಹೆಚ್ಚು ದಿನ ಉಳಿಯುತ್ತದೆ. ಹಾಗಾಗಿ ವಾರಕ್ಕೆ ಮೂರಕ್ಕಿಂತ ಹೆಚ್ಚು ಸಂದರ್ಶನ ಇಟ್ಟುಕೊಳ್ಳಬೇಡಿ. ಬರಹವನ್ನು ಒಮ್ಮೆ ಕೇಳಿ ತಾಳೆ ನೋಡಿದ ಮೇಲೆ ಧ್ವನಿಯನ್ನು ಅಳಿಸಿ. ಒಂದು ಎಚ್ಚರಿಕೆ: ಈ ಅಳಿಸುವ ಕ್ರಮ ಮೊದಲೇ ಅನುಮೋದನೆಯಾದ ಯೋಜನೆಯಲ್ಲಿರಬೇಕು. ಸಮನ್ಸ್ ಬಂದ ಮೇಲೆ ಅಳಿಸಿದರೆ ಅದು ಸಾಕ್ಷ್ಯನಾಶ.

ಫೋನಿನ ಸಂಪರ್ಕ ಪಟ್ಟಿ, ವಾಟ್ಸ್ಆ್ಯಪ್ ಗುಂಪಿನ ಸದಸ್ಯತ್ವ, ತೆಗೆದ ಫೋಟೊದೊಳಗೆ ತಾನಾಗಿ ದಾಖಲಾಗುವ ಸ್ಥಳ, ಇವೂ ಮಾಹಿತಿಯೇ.

ಪ್ರಶ್ನೆ: ಮೆರವಣಿಗೆಗೆ ಬನ್ನಿ, ವೇದಿಕೆಯಲ್ಲಿ ಎರಡು ಮಾತಾಡಿ ಎಂದು ಕರೆಯುತ್ತಾರೆ. ಹೋಗಬಹುದೇ?
— ಸಂಶೋಧಕಿ

ಉತ್ತರ: ಹೋಗಬಹುದು, ಹೋದದ್ದನ್ನು ವರದಿಯ ವಿಧಾನದ ಭಾಗದಲ್ಲಿ ಬರೆಯಬೇಕು. ವೇದಿಕೆ ಹತ್ತಿ ಸಂಘಟನೆಯ ವಕ್ತಾರರಾಗುವುದು ಬೇಡ. ನೀವು ಕಂಡುಕೊಂಡದ್ದನ್ನು ನಿಮ್ಮ ಹೆಸರಿನಲ್ಲಿ ಹೇಳುವುದಕ್ಕೆ ಅಡ್ಡಿಯಿಲ್ಲ. ತೊಡಕು ಹೆಚ್ಚಿರುವುದು ಒಳಸಭೆಗಳಲ್ಲಿ. ಚಹಾ ಕುಡಿಯುತ್ತಾ ಆಡಿದ ಮಾತು ಟಿಪ್ಪಣಿ ಪುಸ್ತಕಕ್ಕೆ ಹೋಯಿತೆಂದು ಆಮೇಲೆ ತಿಳಿದರೆ ಗೆಳೆತನ ಅಲ್ಲಿಗೆ ಮುಗಿಯಿತು. ಸಭೆಯ ಮೊದಲಿಗೇ 'ಇವತ್ತು ನಾನು ಬರೆದುಕೊಳ್ತೀನಿ' ಅಥವಾ 'ಇವತ್ತು ಬರೆದುಕೊಳ್ಳಲ್ಲ, ಸಹಾಯಕ್ಕೆ ಬಂದಿದೀನಿ' ಎಂದು ಹೇಳಿ. ಎರಡಕ್ಕೂ ಬೇರೆ ಬೇರೆ ನೋಟ್‌ಬುಕ್ ಇಡಿ.

ಪ್ರಶ್ನೆ: ಲೇಖನದಲ್ಲಿ ಕಾರ್ಯಕರ್ತರನ್ನು ಸಹಲೇಖಕರನ್ನಾಗಿ ಸೇರಿಸಬೇಕೇ?
— ಎಂ.ಎ. ವಿದ್ಯಾರ್ಥಿ

ಉತ್ತರ: ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಂತೆ ಲೇಖಕರೆನಿಸಲು ನಾಲ್ಕೂ ಬೇಕು: ಅಧ್ಯಯನದ ರೂಪಣೆಗೋ ಮಾಹಿತಿಗೋ ವಿಶ್ಲೇಷಣೆಗೋ ಗಣನೀಯ ಕೊಡುಗೆ, ಬರೆಯುವುದರಲ್ಲಿ ಇಲ್ಲವೇ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಲೇಖನಕ್ಕೆ ಉತ್ತರದಾಯಿತ್ವ. ಬೇರೆ ಕ್ಷೇತ್ರಗಳೂ ಇದನ್ನೇ ಹೆಚ್ಚುಕಡಿಮೆ ಅನುಸರಿಸುತ್ತವೆ. ಪ್ರಶ್ನಾವಳಿ ಕಟ್ಟಿದ ಕಾರ್ಯಕರ್ತೆಗೆ ಇಂಗ್ಲಿಷ್ ಕರಡು ಓದಲಾಗುವುದಿಲ್ಲ ಎಂಬ ಕಾರಣಕ್ಕೆ ಹೆಸರು ಕೈಬಿಡುವುದು ಅನ್ಯಾಯ. ಕರಡನ್ನು ಅವರ ಭಾಷೆಯಲ್ಲಿ ಓದಿ ಹೇಳಿ, ತಿದ್ದುಪಡಿಯನ್ನೂ ಅಂತಿಮ ಪ್ರತಿಗೆ ಒಪ್ಪಿಗೆಯನ್ನೂ ಪಡೆದರೆ ಎರಡನೆಯ ಮತ್ತು ಮೂರನೆಯ ಷರತ್ತು ಪೂರೈಸಿದಂತೆಯೇ. ಬರೀ ಗೌರವಕ್ಕೆಂದು ಅಧ್ಯಕ್ಷರ ಹೆಸರು ಹಾಕಬೇಡಿ, ಫಲಿತಾಂಶಕ್ಕೆ ಮುಂದೆ ಅವರೂ ಹೊಣೆಯಾಗಬೇಕಾಗುತ್ತದೆ. ಕೃತಜ್ಞತೆಯ ಸಾಲಿನಲ್ಲಿ ಹೆಸರಿಸುವಾಗಲೂ ಕೇಳಿ. ಕೆಲವರಿಗೆ ಹೆಸರು ಬೇಡ. ದಶಕಗಟ್ಟಲೆ ಬೀದಿಯಲ್ಲಿ ನಿಂತವರಿಗೆ 'ಮಾಹಿತಿದಾರರು 7' ಎಂದು ಕರೆಸಿಕೊಳ್ಳುವುದು ಅವಮಾನ.

ಪ್ರಶ್ನೆ: ಕ್ಷೇತ್ರಕಾರ್ಯ ಮುಗಿಯಿತು. ಅವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಇನ್ನೂ ಇದ್ದೇನೆ. ಬಿಡಬೇಕೇ?
— ಸಂಶೋಧಕ

ಉತ್ತರ: ಕೇಳಿ, ಅವರು ಹೇಳಿದಂತೆ ಮಾಡಿ. ಉಳಿದರೆ, ಅಲ್ಲಿ ಓದಿದ್ದನ್ನು ಇನ್ನು ಮುಂದೆ ಅಧ್ಯಯನಕ್ಕೆ ಬಳಸುವುದಿಲ್ಲವೆಂದು ಗುಂಪಿನಲ್ಲೇ ಬರೆದು ತಿಳಿಸಿ. ಬಿಡುವುದಾದರೆ ಅದಕ್ಕೆ ಮೊದಲು ಮೂರು ಕೆಲಸ ಮುಗಿದಿರಲಿ. ಒಪ್ಪಿಕೊಂಡ ಟಿಪ್ಪಣಿ ಕೈಸೇರಿರಬೇಕು. ಅವರಿಗಾಗಿ ತಯಾರಿಸಿದ ಕೋಷ್ಟಕಗಳು ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್ ಇಲ್ಲದೆಯೇ ತೆರೆಯುವಂತಿರಬೇಕು. ಸಾದಾ ಸಿಎಸ್‌ವಿ ಕಡತ (ಅಂಕಣಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯದ ಕಡತ), ಪ್ರತಿ ಅಂಕಣದ ಅರ್ಥ ಬರೆದ ಒಂದು ಪುಟ ಸಾಕು. ಆ ಕಡತವನ್ನು ಹೊಸ ಸಾಲು ಸೇರಿಸಿ ಮುಂದುವರಿಸಲು ಅಲ್ಲಿನ ಇಬ್ಬರಿಗೆ ಕಲಿಸಿರಬೇಕು, ಅವರು ನಿಮ್ಮೆದುರೇ ಒಮ್ಮೆ ಮಾಡಿ ತೋರಿಸಿರಬೇಕು. ಒಬ್ಬರಿಗೆ ಕಲಿಸಿದರೆ ಅವರು ರಜೆ ಹಾಕಿದ ದಿನ ನಿಮಗೇ ಫೋನ್ ಬರುತ್ತದೆ.